ಜರ್ಮನಿಯ ಎಲ್‌ಎಲ್‌ಎಂ ಅರ್ಜಿ: ಏಜೆಂಟರ ಕೈಗೆ ಪಾಸ್‌ವರ್ಡ್ ಕೊಡುವ ಮುಂಚೆ ಇದನ್ನು ಓದಿ

ತುಮಕೂರಿನ ಕನ್ಸಲ್ಟೆನ್ಸಿಯೊಂದರ ಮೂಲಕ ಜರ್ಮನಿಯ ಮೂರು ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ) ಕೋರ್ಸುಗಳಿಗೆ ಅರ್ಜಿ ಹಾಕಿದ ಹುಡುಗಿಯೊಬ್ಬಳ ಕಡತ ಇದು. ಮೂರೂ ಕಡೆ ತಿರಸ್ಕಾರ. ವರ್ಷವೂ ಹೋಯಿತು, ದುಡ್ಡೂ ಹೋಯಿತು. 'ಅಂಕ ಸಾಲಲಿಲ್ಲ' ಎಂದು ಆಫೀಸಿನವರು ಕೈತೊಳೆದುಕೊಂಡರು. ಕಡತ ಬಿಚ್ಚಿದರೆ ಕಾಣುವುದೇ ಬೇರೆ. ಎಂಜಿನಿಯರಿಂಗ್ ಮುಗಿಸಿದವರ ಎಂಎಸ್ ಅರ್ಜಿ ತುಂಬಿಸುವ ಹಾಗೆಯೇ ಇದನ್ನೂ ತುಂಬಿಸಿದ್ದಾರೆ.

ಮೂರರಲ್ಲಿ ಎರಡು ಕೋರ್ಸು ಜರ್ಮನ್ ಮಾಧ್ಯಮದವು. 'ಫೀಸೇ ಇಲ್ಲ' ಎಂದು ಬೋರ್ಡಿನ ಮೇಲೆ ಬರೆದಿರುತ್ತಾರಲ್ಲ, ಅದರ ಗುಟ್ಟು ಇದು. ವಿದೇಶಿ ಕಾನೂನು ಪದವೀಧರರಿಗೆಂದೇ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ನಡೆಸುವ ಎಲ್‌ಎಲ್‌ಎಂ ಬಹುಪಾಲು ಜರ್ಮನ್ ಕಾನೂನನ್ನು ಜರ್ಮನ್ ಭಾಷೆಯಲ್ಲೇ ಕಲಿಸುತ್ತದೆ. ಸೇರಬೇಕಾದರೆ ಸಾಮಾನ್ಯವಾಗಿ ಡಿಎಸ್‌ಎಚ್ ಎಂಬ ಜರ್ಮನ್ ಭಾಷಾ ಪರೀಕ್ಷೆಯಲ್ಲಿ 2ರ ಮಟ್ಟ ಅಥವಾ ಟೆಸ್ಟ್‌ಡಾಫ್ ಎಂಬ ಇನ್ನೊಂದರಲ್ಲಿ 4ರ ಮಟ್ಟ ಬೇಕು. ಜರ್ಮನ್ ಕಲಿಕೆಯ ಮೊದಲ ಮೆಟ್ಟಿಲಾದ ಎ1 ತರಗತಿ ಮುಗಿಸಿದವರಿಗೆ ಅದು ಇನ್ನೂ ವರ್ಷಗಳ ದಾರಿ. ಇಂಗ್ಲಿಷಿನಲ್ಲಿ ನಡೆಯುವ ಎಲ್‌ಎಲ್‌ಎಂಗಳಿಗೆ ಹೆಚ್ಚಿನ ಕಡೆ ಫೀಸು ಉಂಟು, ಕೆಲವಕ್ಕೆ ಹತ್ತಾರು ಸಾವಿರ ಯೂರೋ. ಬಾಡೆನ್‌-ವ್ಯೂರ್ಟೆಂಬರ್ಗ್ ರಾಜ್ಯವಂತೂ 2017ರಿಂದ ನಮ್ಮಂಥ ಹೊರಗಿನವರಿಂದ ಸರ್ಕಾರಿ ವಿವಿಗಳಲ್ಲೂ ಸೆಮಿಸ್ಟರಿಗೆ 1,500 ಯೂರೋ ವಸೂಲು ಮಾಡುತ್ತಿದೆ.

ಇನ್ನು ಅಂಕ. ನಮ್ಮ ಅಂಕವನ್ನು ಜರ್ಮನಿಯ ಗ್ರೇಡಿಗೆ ಬದಲಿಸುವ ಲೆಕ್ಕವನ್ನು ಮನೆಯಲ್ಲೇ ಮಾಡಬಹುದು. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸು ಅಂಕಗಳ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಪಾಸಿಗೆ 40 ಎಂದಿಟ್ಟುಕೊಂಡರೆ 60 ಶೇಕಡಾ ತೆಗೆದವರಿಗೆ 3.0 ಬರುತ್ತದೆ. ಅಲ್ಲಿ 1 ಅತ್ಯುತ್ತಮ, 4 ಬರೀ ಪಾಸು. ಕೋರ್ಸು 2.5 ಕೇಳಿದರೆ ನಿಮಗೆ 70 ಶೇಕಡಾ ಇರಬೇಕು. ನಮ್ಮ ಕಾನೂನು ಕಾಲೇಜುಗಳಲ್ಲಿ 60 ದಾಟಿದರೇ ಪೇಡ ಹಂಚುತ್ತಾರೆ. ಹಾಗಾಗಿ ದುಡ್ಡು ಕಟ್ಟುವ ಮೊದಲೇ ಈ ಐದು ನಿಮಿಷದ ಲೆಕ್ಕ ಆಗಿರಬೇಕು. ಆ ಕಡತದಲ್ಲಿ ಇಂಥದೊಂದು ಹಾಳೆಯೂ ಇಲ್ಲ.

ಅಂಕಪಟ್ಟಿ ಬೇರೆ, ಇಡೀ ಕೋರ್ಸಿನ ವಿಷಯ, ಅಂಕಗಳನ್ನು ಒಟ್ಟಾಗಿ ತೋರಿಸುವ ಟ್ರಾನ್ಸ್‌ಕ್ರಿಪ್ಟ್ ಬೇರೆ. ಮೂರು ವರ್ಷದ ಎಲ್‌ಎಲ್‌ಬಿ ಓದಿದವರು ಬಿಎ ದಾಖಲೆಗೆ ತುಮಕೂರು ವಿಶ್ವವಿದ್ಯಾಲಯಕ್ಕೂ, ಎಲ್‌ಎಲ್‌ಬಿ ದಾಖಲೆಗೆ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೂ ಬೇರೆಬೇರೆಯಾಗಿ ಅರ್ಜಿ ಕೊಡಬೇಕು. ಎರಡೂ ಒಂದೇ ವಾರದಲ್ಲಿ ಬರುತ್ತವೆಂದು ನಂಬಬೇಡಿ. ಕಾಲೇಜಿನಿಂದ ತಂದ 'ಇಂಗ್ಲಿಷ್ ಮಾಧ್ಯಮ' ಪತ್ರವನ್ನೂ ನೆಚ್ಚಿಕೊಳ್ಳಬೇಡಿ. ಉತ್ತರಗಳನ್ನು ಪೂರ್ತಿ ಇಂಗ್ಲಿಷಿನಲ್ಲಿ ಇಲ್ಲವೇ ಪೂರ್ತಿ ಕನ್ನಡದಲ್ಲಿ ಬರೆಯಬಹುದೆಂದು ನಮ್ಮ ಪ್ರಶ್ನೆಪತ್ರಿಕೆಯ ಮೇಲೇ ಅಚ್ಚಾಗಿರುತ್ತದೆ. ಕನ್ನಡದಲ್ಲಿ ಬರೆದವರಿಗೆ ಆ ಪತ್ರ ಸುಳ್ಳಾಗುತ್ತದೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಿರಿ, ಅದರ ಅಂಕಕ್ಕೆ ಎರಡು ವರ್ಷ ಆಯುಸ್ಸು.

ಮೂರನೆಯ ಅರ್ಜಿ ಇಂಗ್ಲಿಷ್ ಕೋರ್ಸಿನದು, ನಿಜವಾಗಿ ಆಸೆ ಇದ್ದದ್ದು ಅದೊಂದಕ್ಕೇ. ಅದನ್ನು ಕೆಡಿಸಿದ್ದು ಶಿಫಾರಸು ಪತ್ರ. ಪೋರ್ಟಲ್ಲು ಉಪನ್ಯಾಸಕರ ಇಮೇಲಿಗೆ ನೇರವಾಗಿ ಕೊಂಡಿ ಕಳಿಸುತ್ತದೆ, ಪತ್ರವನ್ನು ಅವರೇ ಏರಿಸಬೇಕು. ಕನ್ಸಲ್ಟೆನ್ಸಿಯವರು ಇಬ್ಬರು ಉಪನ್ಯಾಸಕರ ಹೆಸರಲ್ಲಿ ತಾವೇ ಜಿಮೇಲ್ ಖಾತೆ ತೆರೆದು ತಾವೇ ಪತ್ರ ಬರೆದು ಏರಿಸಿದರು. ಎರಡು ಪತ್ರಕ್ಕೂ ಒಂದೇ ವಾಕ್ಯಗಳು. ವಿಶ್ವವಿದ್ಯಾಲಯ ಕಾಲೇಜಿಗೇ ಬರೆದು ವಿಚಾರಿಸಿತು. ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಹುಡುಗಿಗೂ ಗೊತ್ತಿರಲಿಲ್ಲ, ಏಕೆಂದರೆ ಲಾಗಿನ್ನು ಏಜೆಂಟರ ಬಳಿಯೇ ಇತ್ತು. ಆದರೆ ಅರ್ಜಿಯಲ್ಲಿ ಸಹಿ ಅವಳದು, ಫೋರ್ಜರಿ ಹೊಣೆಯೂ ಅವಳ ತಲೆಗೇ. ಕಾಲೇಜಿನಲ್ಲಿ ಮೇಷ್ಟ್ರುಗಳಿಗೆ ಸಂಸ್ಥೆಯ ಇಮೇಲ್ ಇಲ್ಲದಿದ್ದರೆ, ಲೆಟರ್‌ಹೆಡ್‌ನಲ್ಲಿ ಪ್ರಾಂಶುಪಾಲರ ಸಹಿ, ಮೊಹರಿನ ಜೊತೆ ಕಳಿಸಬಹುದೇ ಎಂದು ವಿಶ್ವವಿದ್ಯಾಲಯಕ್ಕೆ ಮೊದಲೇ ಬರೆದು ಕೇಳಿ.

ದುಡ್ಡಿನ ಕಥೆಗೆ ಬರೋಣ. ಅಪೊಸ್ಟಿಲ್ (ದಾಖಲೆ ವಿದೇಶದಲ್ಲಿ ಸಲ್ಲಲೆಂದು ಸರ್ಕಾರ ಹಾಕುವ ದೃಢೀಕರಣ ಮುದ್ರೆ) ಮಾಡಿಸಲೆಂದು ದೊಡ್ಡ ಮೊತ್ತ ಕಿತ್ತಿದ್ದಾರೆ. ಭಾರತ ಅಪೊಸ್ಟಿಲ್ ಒಪ್ಪಂದ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು, ಹಾಗಾಗಿ ನಮ್ಮ ಅಪೊಸ್ಟಿಲ್‌ಗೆ ಅಲ್ಲಿ ಬೆಲೆಯಿಲ್ಲ. ವಿದ್ಯಾರ್ಥಿಗಳಿಗೆ ಬೇಕಾದದ್ದು ನಮ್ಮ ಓದಿನ ದಾಖಲೆಗಳನ್ನು ಜರ್ಮನಿಗಾಗಿ ಪರಿಶೀಲಿಸುವ ದೆಹಲಿಯ ಎಪಿಎಸ್ ಕಚೇರಿ ಕೊಡುವ ಪ್ರಮಾಣಪತ್ರ. 2022ರ ನವೆಂಬರಿನಿಂದ ಅದಿಲ್ಲದೆ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ, ಶುಲ್ಕ 18,000 ರೂಪಾಯಿ. ವಾರಗಟ್ಟಲೆ ಕಾಯಬೇಕು, ಸೀಸನ್ನಿನಲ್ಲಿ ಇನ್ನೂ ಹೆಚ್ಚು. ಹಲವು ಜರ್ಮನ್ ವಿವಿಗಳ ಪರವಾಗಿ ವಿದೇಶಿಯರ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ ಹೋಗುವ ಅರ್ಜಿಗೆ ಮೊದಲನೆಯದಕ್ಕೆ 75 ಯೂರೋ, ಅದೇ ಸೆಮಿಸ್ಟರಿನ ಉಳಿದ ಒಂದೊಂದಕ್ಕೆ 30. ಮೂರಕ್ಕೆ 135 ಯೂರೋ ಆಯಿತು. ಏಜೆಂಟರು ಹೇಳುವ ಮೊತ್ತವನ್ನು ಇದರ ಪಕ್ಕ ಇಟ್ಟು ನೋಡಿ.

ಹೆಸರಿನ ತೊಡಕು ನಮ್ಮ ಕಡೆಯವರಿಗೇ ವಿಶೇಷ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದ ಅಪ್ಪನ ಹೆಸರೋ ಊರ ಹೆಸರೋ. ಅರ್ಜಿಯಲ್ಲಿ ಪಾಸ್‌ಪೋರ್ಟಿನಂತೆಯೇ ಬರೆಯಿರಿ, ಎರಡೂ ಒಬ್ಬರದೇ ಎಂಬ ಅಫಿಡವಿಟ್ ಇಟ್ಟುಕೊಳ್ಳಿ. ಸರ್‌ನೇಮ್ ಖಾನೆಯಲ್ಲಿ ಚುಕ್ಕೆ ಹಾಕಿ ಮುಗಿಸುವ ಏಜೆಂಟರಿದ್ದಾರೆ. ಆಮೇಲೆ ಪ್ರವೇಶಪತ್ರಕ್ಕೂ ಪಾಸ್‌ಪೋರ್ಟಿಗೂ ತಾಳೆಯಾಗುವುದಿಲ್ಲ.

ವೀಸಾ ಹಂತ ತಲುಪಿದವರಿಗೆ ಎರಡು ಮಾತು. ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿನ ಹಣವನ್ನು ಮೊದಲೇ ಇಟ್ಟು, ತಿಂಗಳಿಗಿಷ್ಟೆಂದು ಮಾತ್ರ ತೆಗೆಯಬಹುದಾದ ಖಾತೆ) ನಿಮ್ಮ ಹೆಸರಲ್ಲೇ ಇರಬೇಕು. 2024ರ ಸೆಪ್ಟೆಂಬರಿನಿಂದ ಅದರಲ್ಲಿ ವರ್ಷಕ್ಕೆ ತೋರಿಸಬೇಕಾದ ಮೊತ್ತ 11,904 ಯೂರೋ. 'ನಮ್ಮ ಖಾತೆಗೆ ಹಾಕಿ, ನಾವು ಕಟ್ಟುತ್ತೇವೆ' ಎಂದವರ ಬಾಗಿಲಿಂದ ಎದ್ದು ಬನ್ನಿ. ವೀಸಾ ನಿರಾಕರಿಸಿದರೆ ಕಾನ್ಸುಲೇಟಿಗೇ ಮರುಪರಿಶೀಲನೆ ಪತ್ರ ಬರೆಯುವ ಸೌಲಭ್ಯ 2025ರ ಜುಲೈ 1ರಿಂದ ರದ್ದಾಗಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ನಿನಲ್ಲಿ ಕೇಸು. 'ಅಪೀಲು ಮಾಡಿಸಿಕೊಡುತ್ತೇವೆ' ಎಂದು ಈಗಲೂ ದುಡ್ಡು ಕೇಳುವವರಿದ್ದಾರೆ.

ಆಗಲೇ ದುಡ್ಡು ಕಳೆದುಕೊಂಡವರು ರಸೀದಿ, ವಾಟ್ಸಾಪ್ ಮಾತುಕತೆ, ಯುಪಿಐ ದಾಖಲೆ ಜೋಡಿಸಿಕೊಂಡು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಎಲ್‌ಎಲ್‌ಬಿ ಓದಿದವರಿಗೆ ಇದನ್ನು ಹೇಳಿಕೊಡಬೇಕಾಗಿ ಬಂದದ್ದು ಸ್ವಲ್ಪ ಮುಜುಗರವೇ. ಆ ಹುಡುಗಿಯ ಕಡತದಲ್ಲಿ ಇರುವುದು ಒಂದೇ ರಸೀದಿ, ಅದರಲ್ಲಿ 'ಮಾರ್ಗದರ್ಶನ ಶುಲ್ಕ' ಎಂದಷ್ಟೇ ಬರೆದಿದೆ. ಯಾವ ಕೋರ್ಸು, ಯಾವ ಕೆಲಸ, ಜಿಎಸ್‌ಟಿ ಸಂಖ್ಯೆ ಏನು, ಒಂದೂ ಇಲ್ಲ.