ಯಮಹಾ ಎಫ್310 ಮತ್ತು ಎಫ್‌ಜಿ800: ಹಾಡಿನ ಜೊತೆಗೆ ಯಾವ ಗಿಟಾರ್?

ಮೈಸೂರಿನಲ್ಲಿ ಸುಗಮ ಸಂಗೀತ ಕಲಿಯುವವರ ಮನೆಗಳಲ್ಲಿ ಹಾರ್ಮೋನಿಯಂ ಜೊತೆಗೆ ಈಗ ಗಿಟಾರೂ ಕಾಣಿಸುತ್ತದೆ. ಮೊದಲ ಗಿಟಾರ್ ಕೊಳ್ಳಲು ಹೊರಟವರಲ್ಲಿ ಅನೇಕರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಯಮಹಾ ಎಫ್310 ಸಾಕೇ, ಇಲ್ಲವೇ ಹೆಚ್ಚು ಹಣ ಹಾಕಿ ಎಫ್‌ಜಿ800 ತೆಗೆದುಕೊಳ್ಳಬೇಕೇ? ಸರಸ್ವತಿಪುರಂನ ನಮ್ಮ ಮನೆಯಲ್ಲಿ ಎರಡೂ ಇವೆ. ಮಗಳು ಕಲಿತದ್ದು ಎಫ್310ರಲ್ಲಿ. ಹಾಡುವವರಿಗೆ ಜೊತೆ ಕೊಡಲು ನಾನು ಎತ್ತಿಕೊಳ್ಳುವುದು ಎಫ್‌ಜಿ800. ಈ ಹೋಲಿಕೆಗಾಗಿ ಎರಡಕ್ಕೂ ಒಂದೇ ದಪ್ಪದ, ಒಂದೇ ಬಗೆಯ ಹೊಸ ತಂತಿಗಳನ್ನು ಕಟ್ಟಿ, ಒಂದೇ ಕೋಣೆಯಲ್ಲಿ ನುಡಿಸಿ ಕೇಳಿದ್ದೇನೆ. ತುಕ್ಕು ಹಿಡಿದ ತಂತಿಯಿದ್ದರೆ ಒಳ್ಳೆಯ ಗಿಟಾರೂ ಮಂಕಾಗಿ ಕೇಳುವುದರಿಂದ ಇಷ್ಟು ಎಚ್ಚರಿಕೆ ಬೇಕೇ ಬೇಕು.

ಎರಡರ ನಡುವಿನ ಮುಖ್ಯ ವ್ಯತ್ಯಾಸ ಮೇಲ್ಹಲಗೆಯಲ್ಲಿದೆ. ತಂತಿಯ ಕಂಪನವನ್ನು ಗಾಳಿಗೆ ದಾಟಿಸುವ ಕೆಲಸದ ಬಹುಪಾಲು ಈ ಹಲಗೆಯದೇ. ಎಫ್‌ಜಿ800ರ ಮೇಲ್ಹಲಗೆ ಇಡಿಯಾದ ಸ್ಪ್ರೂಸ್ ಮರದ್ದು. ಎಫ್310ರದು ತೆಳುವಾದ ಪದರಗಳನ್ನು ಅಂಟಿಸಿ ಮಾಡಿದ, ಮೇಲೆ ಸ್ಪ್ರೂಸ್ ಕಾಣುವ ಹಲಗೆ. ಅಂಗಡಿಯವರ ಮಾತನ್ನೇ ನೆಚ್ಚಬೇಕಾಗಿಲ್ಲ, ನಾದರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು: ಮೇಲಿನ ಮರದ ಗೆರೆಗಳು ಹಲಗೆಯ ದಪ್ಪದಲ್ಲಿಯೂ ನೇರವಾಗಿ ಇಳಿದಿದ್ದರೆ ಅದು ಇಡೀ ಮರ, ಅಡ್ಡ ಪದರಗಳು ಕಂಡರೆ ಪ್ಲೈ. ಹಿಂಬದಿ ಮತ್ತು ಪಕ್ಕದ ಹಲಗೆಗಳು ಎರಡರಲ್ಲಿಯೂ ಪದರದವೇ ಆದ್ದರಿಂದ ಅಲ್ಲಿ ದೊಡ್ಡ ಅಂತರವೇನಿಲ್ಲ.

ಮೇಲ್ಹಲಗೆಯ ಒಳಮೈಗೆ ಅಂಟಿಸಿರುವ ಬ್ರೇಸ್ ಪಟ್ಟಿಗಳನ್ನೂ ಗಮನಿಸಬೇಕು. ತಂತಿಗಳ ಎಳೆತಕ್ಕೆ ಹಲಗೆ ಬಾಗದಂತೆ ತಡೆಯುವ ಪಟ್ಟಿಗಳಿವು. ದಪ್ಪವಾಗಿದ್ದಷ್ಟೂ ಹಲಗೆ ಗಟ್ಟಿ, ಆದರೆ ಅದರ ಅಲುಗಾಟ ಕಡಿಮೆ. ಎಫ್‌ಜಿ800ರಲ್ಲಿ ಈ ಪಟ್ಟಿಗಳನ್ನು ಅಲ್ಲಲ್ಲಿ ಕೆತ್ತಿ ತೆಳುವಾಗಿಸಿದ್ದಾರೆ. ಯಮಹಾ ಸಂಸ್ಥೆ 1966ರಲ್ಲಿ ಆರಂಭಿಸಿದ ಎಫ್‌ಜಿ ಸರಣಿಗೆ 2016ರಲ್ಲಿ ಹೊಸ ರೂಪ ಕೊಟ್ಟಾಗ ಬಂದ ಬದಲಾವಣೆಯಿದು. ಈ ಬೆಲೆಯ ಗಿಟಾರಿನಲ್ಲಿ ಇಷ್ಟು ಶ್ರದ್ಧೆಯ ಕೆಲಸ ಸಿಗುವುದು ನನಗೆ ನಿಜವಾಗಿಯೂ ಸಂತೋಷ ಕೊಟ್ಟಿದೆ.

ಇನ್ನು ನಾದದ ವಿಷಯ. ಆರನೆಯ ತಂತಿಯನ್ನು ತೆರೆದು ಮೀಟಿದಾಗ ಎಫ್‌ಜಿ800ರ ಮಂದ್ರ ತುಂಬಿಕೊಂಡು ಹೊರಡುತ್ತದೆ, ನಿಧಾನವಾಗಿ ಆರುತ್ತದೆ. ಅದೇ ಸ್ವರ ಎಫ್310ರಲ್ಲಿ ಬೇಗ ಮುಗಿಯುತ್ತದೆ. ಮಧ್ಯದ ತಂತಿಗಳು ಮುಂದೆ ಬಂದು ಮಂದ್ರ ಹಿಂದೆ ಉಳಿಯುತ್ತದೆ. ಆದರೂ ಎಫ್310ರ ನಾದ ಸ್ಪಷ್ಟವಾದುದು, ಎಲ್ಲಿಯೂ ಕಲಸಿಹೋಗುವುದಿಲ್ಲ. ನಿಜವಾದ ಅಂತರ ತಿಳಿಯುವುದು ಮೀಟಿನ ಬಲ ಬದಲಾದಾಗ. ಭಾವಗೀತೆಯ ಪಲ್ಲವಿಯನ್ನು ಮೆಲ್ಲಗೆ ಬೆರಳುಗಳಿಂದ ಬಿಡಿಸಿ ನುಡಿಸಿ, ಚರಣ ಏರುವಾಗ ಪಿಕ್ (ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಎಲ್ಲ ತಂತಿಗಳನ್ನೂ ಒಟ್ಟಿಗೆ ಸ್ಟ್ರಮ್ ಮಾಡಿದರೆ ಎಫ್‌ಜಿ800 ಆ ಏರಿಕೆಯನ್ನು ಹಂತಹಂತವಾಗಿ ಕೇಳಿಸುತ್ತದೆ. ಎಫ್310ರಲ್ಲಿ ಮೃದುವಾದ ಮೀಟು ತೀರ ಸಣ್ಣದಾಗುತ್ತದೆ, ಜೋರು ಮೀಟು ಒಂದು ಮಟ್ಟಕ್ಕೆ ಬಂದು ಅಲ್ಲಿಯೇ ನಿಲ್ಲುತ್ತದೆ. ಹಾಡುವವರ ದನಿಯನ್ನು ಮುಚ್ಚದೆ ಹಿಂದೆ ನಿಲ್ಲಬೇಕಾದ ವಾದ್ಯಕ್ಕೆ ಈ ಏರಿಳಿತವೇ ಪ್ರಾಣ ಎಂದು ನಾನು ನಂಬಿದ್ದೇನೆ.

ನಮ್ಮ ಗಾಯಕರ ಶ್ರುತಿಯೂ ಇಲ್ಲಿ ಮುಖ್ಯವಾಗುತ್ತದೆ. ಹಾರ್ಮೋನಿಯಂನ ಕಪ್ಪು ಒಂದನ್ನು, ಅಂದರೆ ಸಿ ಶಾರ್ಪ್ ಸ್ವರವನ್ನು, ಷಡ್ಜ ಮಾಡಿಕೊಂಡು ಹಾಡುವವರಿಗೆ ಮೊದಲ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಕೆಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿ ಸಿ ಕಾರ್ಡಿನ (ಸ್ವರಗುಚ್ಛದ) ಆಕಾರದಿಂದ ನುಡಿಸಬಹುದು, ನಾಲ್ಕನೆಯ ಫ್ರೆಟ್‌ಗೆ ಹಾಕಿ ಎ ಆಕಾರದಿಂದಲೂ ನುಡಿಸಬಹುದು. ಕೆಪೊ ಮೇಲೇರಿದಂತೆ ಯಾವ ಗಿಟಾರಿನಲ್ಲಾದರೂ ಮಂದ್ರ ತೆಳುವಾಗುತ್ತದೆ. ನಾಲ್ಕನೆಯ ಫ್ರೆಟ್‌ನಲ್ಲಿ ಎಫ್‌ಜಿ800 ತನ್ನ ತುಂಬುತನವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಎಫ್310 ಅಲ್ಲಿ ಮ್ಯಾಂಡೊಲಿನ್‌ನ ಕಡೆಗೆ ವಾಲುತ್ತದೆ.

ಬೆರಳಿನ ಶ್ರಮದ ವಿಷಯಕ್ಕೆ ಬಂದರೆ ಮಾತ್ರ ಎಫ್310 ಮುಂದೆ. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನ ಅಗಲ ಎರಡರಲ್ಲಿಯೂ 43 ಮಿಲಿಮೀಟರ್. ಆದರೆ ಕಂಪಿಸುವ ತಂತಿಯ ಉದ್ದ ಎಫ್310ರಲ್ಲಿ 634, ಎಫ್‌ಜಿ800ರಲ್ಲಿ 650 ಮಿಲಿಮೀಟರ್. ಒಂದೇ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದಾಗ ಅದರ ಬಿಗಿ ಉದ್ದದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಎಫ್‌ಜಿ800ರ ತಂತಿಗಳು ಸುಮಾರು ನೂರಕ್ಕೆ ಐದರಷ್ಟು ಹೆಚ್ಚು ಬಿಗಿಯಾಗಿರುತ್ತವೆ. ಒಂದೇ ಬೆರಳಿನಿಂದ ಎಲ್ಲ ತಂತಿಗಳನ್ನೂ ಒತ್ತಬೇಕಾದ, ಎಫ್ ಮೇಜರ್‌ನಂಥ ಬಾರ್ ಕಾರ್ಡ್ ಹಿಡಿಯಲು ಹೆಣಗುವ ಮಕ್ಕಳಿಗೆ ಈ ಐದು ಪಾಲು ದೊಡ್ಡದೇ. ಹಾಡಿನ ನಡುವಿನ ಸಂಗೀತದ ತುಣುಕುಗಳಲ್ಲಿ ತಂತಿಯನ್ನು ಎಳೆದು ಗಮಕದ ಛಾಯೆ ತರುವುದೂ ಎಫ್310ರಲ್ಲಿ ಸುಲಭ. ಅದರ ಒಡಲೂ ಒಂದಿಷ್ಟು ತೆಳು, ಆದ್ದರಿಂದ ಹನ್ನೆರಡರ ಹುಡುಗಿಯ ತೋಳಿನಡಿ ಹಿತವಾಗಿ ಕೂರುತ್ತದೆ.

ಬೀಟೆ ಮರದ ಇನ್‌ಲೇ ಕೆಲಸಕ್ಕೆ ಹೆಸರಾದ ಊರು ನಮ್ಮದು. ಅಂಗಡಿಯಲ್ಲಿ ಯಾವುದಾದರೂ ಗಿಟಾರಿಗೆ ರೋಸ್‌ವುಡ್ (ಬೀಟೆ) ಫಿಂಗರ್‌ಬೋರ್ಡ್, ಅಂದರೆ ಬೆರಳೊತ್ತುವ ಹಲಗೆ, ಇದೆ ಎಂದು ಹೇಳಿದೊಡನೆ ನಮಗೆ ಅದರ ಮೇಲೆ ಗೌರವ ಹುಟ್ಟುವುದು ಸಹಜ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಾಗ ಹಲವು ಗಿಟಾರ್ ತಯಾರಕರು ಬೇರೆ ಮರಗಳತ್ತ ತಿರುಗಿದರು; 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಫಿಂಗರ್‌ಬೋರ್ಡ್‌ನ ಮರ ನಾದಕ್ಕೆ ಕೊಡುವ ಪಾಲು ಮೇಲ್ಹಲಗೆಯ ಮುಂದೆ ಬಹಳ ಚಿಕ್ಕದು, ಆದ್ದರಿಂದ ಅದಕ್ಕಾಗಿಯೇ ಹೆಚ್ಚು ಹಣ ತೆರಬೇಕಾದ ಅಗತ್ಯವಿಲ್ಲ.

ಎಫ್‌ಜಿ800 ಕೊಳ್ಳುವವರು ಮೈಸೂರಿನ ಹವೆಯನ್ನು ಮರೆಯಬಾರದು. ಇಡೀ ಮರದ ಹಲಗೆ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಅದಕ್ಕೆ ಹಿತವಾದ ತೇವಾಂಶ ಸುಮಾರು ಶೇಕಡಾ 45ರಿಂದ 55. ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಹಲಗೆ ಕುಗ್ಗಿ ತಂತಿಗಳು ಫ್ರೆಟ್‌ಗೆ ತಾಗಿ ಗುಂಯ್‌ಗುಡಬಹುದು, ಆಷಾಢದ ಥಂಡಿಯಲ್ಲಿ ಹಲಗೆ ಉಬ್ಬಿ ತಂತಿಗಳು ಮೇಲೇಳಬಹುದು. ಅದನ್ನು ಬಿಸಿಲು ಬೀಳುವ ಗೋಡೆಗೆ ನೇತುಹಾಕದೆ ಪೆಟ್ಟಿಗೆಯಲ್ಲಿಡಬೇಕು. ಬೇಸಿಗೆಯಲ್ಲಿ ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜು, ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟರೆ ಸಾಕು. ಎಫ್310 ಈ ಏರುಪೇರುಗಳನ್ನು ಹೆಚ್ಚು ಸುಲಭವಾಗಿ ತಾಳಿಕೊಳ್ಳುತ್ತದೆ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗೆ, ಬಸ್ಸಿನಲ್ಲಿ ಮಂಡ್ಯಕ್ಕೂ ಮೈಸೂರಿಗೂ ಗಿಟಾರ್ ಹೊತ್ತು ಓಡಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಚಿಕ್ಕ ಮಕ್ಕಳ ಕಲಿಕೆಗೆ ಎಫ್310, ದನಿಯ ಜೊತೆ ನುಡಿಸಬೇಕೆಂಬ ಹಂಬಲವಿರುವ ದೊಡ್ಡವರಿಗೆ ನೇರವಾಗಿ ಎಫ್‌ಜಿ800 ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವುದನ್ನು ಕೊಂಡರೂ ಮನೆಗೆ ತರುವ ಮೊದಲು ತಂತಿಗಳ ಎತ್ತರವನ್ನು ತಿಳಿದವರಿಂದ ಸರಿಮಾಡಿಸಿಕೊಳ್ಳಬೇಕು. ನಾದವನ್ನು ನೇರವಾಗಿ ಧ್ವನಿವರ್ಧಕಕ್ಕೆ ಕಳುಹಿಸುವ ಪಿಕಪ್ ಎರಡರಲ್ಲಿಯೂ ಇಲ್ಲದಿರುವುದರಿಂದ ವೇದಿಕೆಯಲ್ಲಿ ನುಡಿಸುವವರು ಮೈಕ್ ಇಡಬೇಕಾಗುತ್ತದೆ. ಅದನ್ನು ನಾದರಂಧ್ರಕ್ಕೆ ನೇರವಾಗಿ ಹಿಡಿದರೆ ಎಫ್‌ಜಿ800ರ ಮಂದ್ರ ಗುಡುಗುತ್ತದೆ, ಹನ್ನೆರಡನೆಯ ಫ್ರೆಟ್‌ನ ಕಡೆಗೆ ತಿರುಗಿಸಿದರೆ ಹಿತವಾಗಿ ಕೇಳಿಸುತ್ತದೆ.