ಅಡುಗೆಮನೆ ಗೋಡೆಯ ಪೋಸ್ಟ್ ಕ್ಯಾಲೆಂಡರ್: ಎರಡು ವರ್ಷ ಬಳಸಿದ ಮೇಲೆ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಸಿರಪ್ ಇವನ್ನೆಲ್ಲ ನಾನು ಮತ್ತು ಅತ್ತೆ ಮನೆಯಲ್ಲೇ ಮಾಡುತ್ತೇವೆ. ಮಾರುವುದು ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮತ್ತು ವಾಟ್ಸಾಪ್ ಸ್ಟೇಟಸ್ ಮೂಲಕ. 2023ರ ಡಿಸೆಂಬರಿನಲ್ಲಿ ನಾನು ಪ್ರಿಂಟ್ ಹಾಕಿಕೊಳ್ಳುವ ಒಂದು ಕಂಟೆಂಟ್ ಕ್ಯಾಲೆಂಡರ್, ಅಂದರೆ ಯಾವ ದಿನ ಯಾವ ಪೋಸ್ಟ್ ಹಾಕಬೇಕು ಅಂತ ಮುಂಚೆಯೇ ಬರೆದಿಡುವ ಹಾಳೆ, ಆನ್‌ಲೈನಲ್ಲಿ ಕೊಂಡೆ. ₹299 ಕೊಟ್ಟೆ, ಪಿಡಿಎಫ್ ಬಂತು, ಅಷ್ಟೇ. ತಿಂಗಳ ಚಂದಾ ಇಲ್ಲ. ಎರಡು ವರ್ಷ ಒಂದು ದಿನವೂ ಬಿಡದೆ ಅದರ ಮುಂದೆ ನಿಂತಿದ್ದೇನೆ, ಹಾಗಾಗಿ ಕೊಳ್ಳಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೇಗಿತ್ತು ಅಂದರೆ, ಬೆಳಗ್ಗೆ ಎದ್ದು ಒಲೆ ಹಚ್ಚುವಾಗಲೇ ಇವತ್ತು ಏನು ಹಾಕೋದು ಎಂಬ ಚಿಂತೆ. ಏನೂ ಹೊಳೆಯದಿದ್ದರೆ ಬಾಟಲಿಯ ಫೋಟೋ ತೆಗೆದು ಸುಮ್ನೆ ಹಾಕುತ್ತಿದ್ದೆ. ಒಂದು ವಾರ ದಿನಕ್ಕೆರಡು ಪೋಸ್ಟ್, ಆಮೇಲೆ ಹದಿನೈದು ದಿನ ಒಂದೂ ಇಲ್ಲ. ಫೋನಿನಲ್ಲಿ ಪ್ಲಾನ್ ಮಾಡುವ ಆ್ಯಪ್ ಎರಡು ಬಳಸಿ ನೋಡಿದೆ. ಆ್ಯಪ್ ಚೆನ್ನಾಗಿಯೇ ಇತ್ತು, ಆದರೆ ಅದನ್ನು ತೆರೆದರೆ ತಾನೇ ಕಾಣುವುದು? ಹಿಟ್ಟು ಮೆತ್ತಿದ ಕೈಯಲ್ಲಿ ಫೋನ್ ತೆರೆಯಲು ಆಗುವುದಿಲ್ಲ. ಗೋಡೆಯಲ್ಲಿರುವ ಹಾಳೆ ಹಾಗಲ್ಲ, ನೀರು ಕುಡಿಯಲು ಹೋದರೂ ಕಣ್ಣಿಗೆ ಬೀಳುತ್ತದೆ.

ಪಿಡಿಎಫಿನಲ್ಲಿ ಇದ್ದದ್ದು ತಾರೀಕು ಇಲ್ಲದ 12 ತಿಂಗಳ ಹಾಳೆ, ಒಂದು ವಾರದ ಹಾಳೆ, ಹ್ಯಾಶ್‌ಟ್ಯಾಗ್ ಬರೆಯುವ ಹಾಳೆ, ತಿಂಗಳ ಕೊನೆಗೆ ಫಾಲೋವರ್, ಲೈಕ್ ಲೆಕ್ಕ ಬರೆಯುವ ಹಾಳೆ, ಮತ್ತೆ ವಿಶೇಷ ದಿನಗಳ ಒಂದು ಪಟ್ಟಿ. ಇದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ತಿಂಗಳ ಹಾಳೆ ಒಂದೇ. ವಾರದ ಹಾಳೆ ಎರಡು ತಿಂಗಳಿಗೆ ಬಿಟ್ಟುಹೋಯಿತು. ಲೈಕ್ ಲೆಕ್ಕದ ಹಾಳೆಯಲ್ಲಿ ಲೈಕ್ ಹೊಡೆದು ಹಾಕಿ ಬಂದ ಆರ್ಡರ್ ಬರೆಯುತ್ತೇನೆ. ನಮಗೆ ಬೇಕಾದದ್ದು ಅದೇ ಅಲ್ವಾ.

ಪ್ರಿಂಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ನನ್ನ ಮೊದಲ ದುಡ್ಡು ಹಾಳಾದದ್ದು ಅಲ್ಲೇ. ಈ ಪಿಡಿಎಫ್ ಮಾಡಿದ್ದು ಅಮೆರಿಕದವರ ಲೆಟರ್ ಅಳತೆಯಲ್ಲಿ, ಅಂದರೆ ಎಂಟೂವರೆ ಇಂಚು ಅಗಲ, 11 ಇಂಚು ಉದ್ದ. ನಮ್ಮ ಎ4 ಹಾಳೆ ಅದಕ್ಕಿಂತ ಉದ್ದ ಜಾಸ್ತಿ, ಅಗಲ ಕಡಿಮೆ. ಜೆರಾಕ್ಸ್ ಅಂಗಡಿಯಲ್ಲಿ ಹಾಗೇ ಪ್ರಿಂಟ್ ಕೊಟ್ಟರು, ಶನಿವಾರದ ಸಾಲಿನ ಅಂಚು ಕತ್ತರಿಸಿ ಹೋಯಿತು. ಪ್ರಿಂಟ್ ಕೊಡುವ ಮುಂಚೆ 'ಫಿಟ್ ಟು ಪೇಜ್' ಹಾಕಿ ಅಂತ ಹೇಳಿ. ಇನ್ನೂ ಒಳ್ಳೆಯದು ಎ3ಯಲ್ಲೇ ಹಾಕಿಸುವುದು. ಎ4ರ ಚೌಕದಲ್ಲಿ ಕನ್ನಡ ಬರೆಯಲು ಜಾಗ ಸಾಲದು, ನಮ್ಮ ಒತ್ತಕ್ಷರಕ್ಕೆ ಕೆಳಗೂ ಜಾಗ ಬೇಕಲ್ಲ. ಮತ್ತೊಂದು, ಇಂಕ್‌ಜೆಟ್ ಪ್ರಿಂಟ್ ಬೇಡ. ಜೂನ್ ಬಂತು ಅಂದರೆ ಇಲ್ಲಿ ಗೋಡೆಯೇ ಬೆವರುತ್ತದೆ, ಮೊದಲ ಮಳೆಗಾಲದಲ್ಲಿ ಜುಲೈ ಹಾಳೆಯ ಗೆರೆಗಳೆಲ್ಲ ಹರಡಿ ನೀಲಿ ಕಲೆ ಆಯಿತು. ಈಗ ಲೇಸರ್ ಪ್ರಿಂಟ್ ಹಾಕಿಸಿ, ಹಳೆಯ ರಟ್ಟಿಗೆ ಕ್ಲಿಪ್ ಮಾಡಿ ತೂಗುಹಾಕುತ್ತೇನೆ. ಗೋಡೆಗೆ ತಾಗುವುದಿಲ್ಲ. ಬರೆಯುವುದು ಪೆನ್ಸಿಲಿನಲ್ಲಿ. ಪ್ಲಾನ್ ಬದಲಾಗುತ್ತಲೇ ಇರುತ್ತದೆ, ಜೆಲ್ ಪೆನ್ನಾದರೆ ಹಾಳೆಯೆಲ್ಲ ಗೀಚು.

ವಿಶೇಷ ದಿನಗಳ ಪಟ್ಟಿ ನಮಗೆ ಏನೇನೂ ಪ್ರಯೋಜನಕ್ಕೆ ಬರಲಿಲ್ಲ. ಥ್ಯಾಂಕ್ಸ್‌ಗಿವಿಂಗ್, ಹ್ಯಾಲೊವಿನ್, ಬ್ಲ್ಯಾಕ್ ಫ್ರೈಡೇ. ನಾನು ಅದನ್ನು ಪಕ್ಕಕ್ಕಿಟ್ಟು, ಮನೆಯಲ್ಲಿದ್ದ ಪಂಚಾಂಗವನ್ನೂ ಮಲಯಾಳಂ ಕ್ಯಾಲೆಂಡರನ್ನೂ ಎದುರಿಗಿಟ್ಟುಕೊಂಡು ನಮ್ಮದೇ ಪಟ್ಟಿ ಮಾಡಿದೆ. ಆಗ ಗೊತ್ತಾಯಿತು, ತಾರೀಕು ಇಲ್ಲದ ಹಾಳೆ ಎಷ್ಟು ಒಳ್ಳೆಯದು ಅಂತ. ನಮ್ಮ ಹಬ್ಬಗಳು ಒಂದು ಕಡೆ ನಿಲ್ಲುವುದಿಲ್ಲ. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ, ಓಣಂನ ಮುಖ್ಯ ದಿನವಾದ ತಿರುವೋಣಂ 15ಕ್ಕೆ ಬಂತು. 2025ರಲ್ಲಿ ಚೌತಿ ಆಗಸ್ಟ್ 27ಕ್ಕೇ ಬಂತು, ತಿರುವೋಣಂ ಸೆಪ್ಟೆಂಬರ್ 5ಕ್ಕೆ. ಹತ್ತು ದಿನ ಹಿಂದೆ ಸರಿದರೆ ನಮ್ಮ ಪ್ಯಾಕಿಂಗ್, ಪಾರ್ಸೆಲ್ ಎಲ್ಲ ಹತ್ತು ದಿನ ಮುಂಚೆ ಶುರುವಾಗಬೇಕು. ಹಳೆಯ ವರ್ಷದ ಪೋಸ್ಟ್ ನೋಡಿ ಅದೇ ತಾರೀಕಿಗೆ ಹಾಕಿದರೆ ಹಬ್ಬ ಮುಗಿದೇ ಹೋಗಿರುತ್ತದೆ. ಹಾಗೆಯೇ ನವೆಂಬರ್ 1. ಆ ಒಂದೇ ಚೌಕದಲ್ಲಿ ನಾನು ಎರಡು ಬರೆಯುತ್ತೇನೆ, ಕನ್ನಡ ರಾಜ್ಯೋತ್ಸವ ಮತ್ತು ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. 1956ರ ಅದೇ ದಿನ ಎರಡೂ ರಾಜ್ಯ ಆದದ್ದು, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದೂ ಆಗಲೇ. ಮನಸ್ಸಿಗೆ ತುಂಬ ಹತ್ತಿರದ ದಿನ ಅದು, ಅವತ್ತು ಮಾರುವ ಪೋಸ್ಟ್ ಹಾಕುವುದಿಲ್ಲ. ಅತ್ತೆ ಕನ್ನಡದಲ್ಲಿ ಒಂದು ಮಾತು ಹೇಳುತ್ತಾರೆ, ಪಕ್ಕದ ಮನೆಯ ಚೇಚಿ ಮಲಯಾಳದಲ್ಲಿ ಹೇಳುತ್ತಾರೆ, ಅದನ್ನೇ ಹಾಕುತ್ತೇನೆ.

ಎರಡು ಭಾಷೆಯ ತೊಂದರೆ ಈ ಕ್ಯಾಲೆಂಡರ್ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ. ನಮಗೆ ಮಂಗಳೂರು, ಬೆಂಗಳೂರಿನ ಗಿರಾಕಿಗಳೂ ಇದ್ದಾರೆ, ಕಾಞಂಗಾಡು, ಕಣ್ಣೂರಿನವರೂ ಇದ್ದಾರೆ. ಹಾಗಾಗಿ ಪ್ರತಿ ಚೌಕಕ್ಕೂ ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಮೇಲೆ ಕನ್ನಡ, ಕೆಳಗೆ ಮಲಯಾಳಂ. ಮೊದಲು ಒಂದೇ ಬರಹವನ್ನು ಎರಡು ಭಾಷೆಯಲ್ಲಿ ಹಾಕುತ್ತಿದ್ದೆ. ಚೌಕ ಬೇರೆಬೇರೆ ಆದ ಮೇಲೆ ಕಂಡದ್ದು ಏನೆಂದರೆ, ಇಬ್ಬರಿಗೂ ಹೇಳಬೇಕಾದದ್ದೂ ಬೇರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮ್ಮ ತುಳುವರಿಗೆ ಆಟಿ, ಅದೇ ತಿಂಗಳು ಮಲಯಾಳಿಗಳಿಗೆ ಕರ್ಕಡಕ. ಒಂದೇ ಹಪ್ಪಳದ ವಿಡಿಯೋ. ಆದರೆ ಕನ್ನಡದಲ್ಲಿ ಆಟಿಯ ಮಳೆ, ಅಜ್ಜಿ ಮನೆಯ ಅಟ್ಟದ ಹಪ್ಪಳದ ಡಬ್ಬ ಅಂತ ಬರೆಯುತ್ತೇನೆ, ಮಲಯಾಳದಲ್ಲಿ ಕಂಜಿಯ ಜೊತೆ ಚಕ್ಕ ಪಪ್ಪಡಂ ಅಂತ. ಆರ್ಡರ್ ಎರಡೂ ಕಡೆಯಿಂದ ಬರುತ್ತದೆ.

ಇನ್ನು ದೊಡ್ಡ ಕೊರತೆ. ಈ ಹಾಳೆಯಲ್ಲಿ ಪೋಸ್ಟ್ ಹಾಕುವ ದಿನಕ್ಕೆ ಮಾತ್ರ ಜಾಗ ಇದೆ, ವಿಡಿಯೋ ತೆಗೆಯುವ ದಿನಕ್ಕೆ ಇಲ್ಲ. ಬಟ್ಟೆ, ಬಳೆ ಮಾರುವವರಿಗೆ ಇದು ಅಷ್ಟು ತೊಂದರೆ ಅಲ್ಲ, ಯಾವಾಗ ಬೇಕಾದರೂ ತೆಗೆಯಬಹುದು. ನಮಗೆ ಹಾಗಲ್ಲ. ಹಲಸಿನಕಾಯಿ ಬೆಳೆಯುವುದು, ಸೊಳೆ ಬೇಯಿಸಿ ಗುದ್ದುವುದು, ಉಂಡೆ ಕಟ್ಟಿ ಒತ್ತುವುದು, ಅಂಗಳದ ಚಾಪೆಯಲ್ಲಿ ಒಣಗಿಸುವುದು ಎಲ್ಲ ಬಿಸಿಲಿರುವಾಗಲೇ ಮುಗಿಯಬೇಕು. ಮೇ ಕೊನೆಗೆ ಮೋಡ ಕವಿದರೆ ಕೆಲಸ ಬಂದ್. ಜನ ಕೇಳುವುದು ಮಾತ್ರ ಮಳೆ ಶುರುವಾದ ಮೇಲೆ. ಗಲ್ಫಿನಲ್ಲಿರುವ ನಮ್ಮ ಊರವರು ಮಕ್ಕಳ ರಜೆಗೆ ಊರಿಗೆ ಬರುವುದೂ ಜುಲೈ, ಆಗಸ್ಟಿನಲ್ಲಿ. ಹೋಗುವಾಗ ಹಪ್ಪಳ ಕಟ್ಟಿಸಿಕೊಂಡು ಹೋಗುತ್ತಾರೆ. ಮೊದಲ ವರ್ಷ ಜುಲೈ ಹಾಳೆಯಲ್ಲಿ 'ಹಪ್ಪಳ ಒಣಗಿಸುವ ವಿಡಿಯೋ' ಅಂತ ಚಂದಕ್ಕೆ ಬರೆದಿದ್ದೆ, ಆ ದಿನ ಬಂತು, ಹೊರಗೆ ಧಾರಾಕಾರ ಮಳೆ, ಫೋನಿನಲ್ಲಿ ಬಿಸಿಲಿನ ಒಂದು ವಿಡಿಯೋವೂ ಇಲ್ಲ. ತುಂಬ ಬೇಜಾರಾಯಿತು.

ಅದಾದ ಮೇಲೆ ಎರಡು ಬಣ್ಣದ ಪೆನ್ಸಿಲ್ ಇಟ್ಟೆ. ಕೆಂಪು ತೆಗೆಯುವ ದಿನಕ್ಕೆ, ನೀಲಿ ಹಾಕುವ ದಿನಕ್ಕೆ. ಮೊದಲು ಜುಲೈಯ ನೀಲಿ ಬರೆಯುತ್ತೇನೆ, ಆಮೇಲೆ ಅದಕ್ಕೆ ಬೇಕಾದ ಕೆಂಪನ್ನು ಏಪ್ರಿಲ್ ಹಾಳೆಗೆ ತಂದು ಹಾಕುತ್ತೇನೆ. ಅಂದರೆ ಹಿಂದಿನಿಂದ ಮುಂದಕ್ಕೆ ಬರೆಯುವುದು. ಹೀಗೆ ಮಾಡಲು ತಿಂಗಳುಗಳು ಅಕ್ಕಪಕ್ಕ ಕಾಣಬೇಕು, ಹಾಗಾಗಿ ಈಗ ಆರು ಹಾಳೆ ಒಟ್ಟಿಗೆ ತೂಗುಹಾಕಿದ್ದೇನೆ. ಫೋನಿನ ಸಣ್ಣ ಪರದೆಯಲ್ಲಿ ಇದು ನನಗೆ ಸಾಧ್ಯವೇ ಆಗಿರಲಿಲ್ಲ. 2024ರ ಆಟಿಯಲ್ಲಿ 140 ಕಟ್ಟು ಹಪ್ಪಳ ಹೋಗಿತ್ತು, 2025ರಲ್ಲಿ 230. ಎಲ್ಲ ಕ್ಯಾಲೆಂಡರಿನಿಂದ ಅಂತ ಹೇಳುವುದಿಲ್ಲ, ಹಳೆಯ ಗಿರಾಕಿಗಳು ಬೇರೆಯವರಿಗೆ ಹೇಳಿದ್ದೂ ಇದೆ. ಆದರೆ ಬಿಸಿಲಿನ ವಿಡಿಯೋ ಮಳೆಯಲ್ಲಿ ಹಾಕಿದ ದಿನ ಫೋನ್ ಎಷ್ಟು ಸಲ ಬಾರಿಸಿತು ಅಂತ ನನಗೆ ಗೊತ್ತು.

ಮೊದಲ ಹಾಳೆ ತೂಗುಹಾಕಿದಾಗ ಅತ್ತೆ "ಇದೆಂಥದು, ಮನೆಯಲ್ಲಿ ಎರಡು ಕ್ಯಾಲೆಂಡರ್ ಸಾಲದಾ?" ಅಂತ ಕೇಳಿದ್ದರು. ನಾನು ಏನೂ ಹೇಳಲಿಲ್ಲ. ಮಾರ್ಚಿನಲ್ಲಿ ನೋಡಿದರೆ ಖಾಲಿ ಚೌಕದಲ್ಲಿ ಅವರ ಅಕ್ಷರ, 'ಕೆರೆ ಬದಿ ಹಲಸು ಬೆಳೆದಿದೆ, ಬುಧವಾರ ಕೊಯ್ಯಬೇಕು'. ಅಲ್ಲಿಂದ ಈ ಹಾಳೆಗೆ ನಿಜವಾದ ಜೀವ ಬಂತು. ಯಾವ ಮರದ ಕಾಯಿ ಯಾವಾಗ ಆಗುತ್ತದೆ ಅಂತ ಅವರಿಗೇ ಗೊತ್ತಿರುವುದು, ನನ್ನ ಕೆಂಪು ಗೆರೆ ಈಗ ಅವರು ಬರೆದದ್ದನ್ನು ನೋಡಿಯೇ ಬೀಳುತ್ತದೆ. ಮಗಳು ಹ್ಯಾಶ್‌ಟ್ಯಾಗ್ ಬರೆಯುತ್ತಾಳೆ. ನಮ್ಮ ಮನೆಯವರು ಪಾರ್ಸೆಲ್ ಕಳಿಸುವ ದಿನಕ್ಕೆ ಸೊನ್ನೆ ಸುತ್ತುತ್ತಾರೆ. ಆ್ಯಪ್ ಆಗಿದ್ದರೆ ನಾನೊಬ್ಬಳೇ ನೋಡುತ್ತಿದ್ದೆ.

ಕಾಗದದಲ್ಲಿ ಬರೆದರೆ ಪೋಸ್ಟ್ ತಾನಾಗಿ ಹೋಗುವುದಿಲ್ಲ, ಅದು ನಿಜ. ಇನ್‌ಸ್ಟಾಗ್ರಾಮಿನಲ್ಲಿ ಪ್ರೊಫೆಷನಲ್ ಖಾತೆ (ವ್ಯಾಪಾರದವರು ಬಳಸುವಂಥದ್ದು) ಇದ್ದರೆ ಆ್ಯಪಿನಲ್ಲೇ 75 ದಿನದವರೆಗೆ ಮುಂಚಿತವಾಗಿ ಶೆಡ್ಯೂಲ್ ಮಾಡಬಹುದು, ಹೇಳಿದ ಹೊತ್ತಿಗೆ ಪೋಸ್ಟ್ ತಾನೇ ಹೋಗುತ್ತದೆ, ಅದಕ್ಕೆ ದುಡ್ಡು ಬೇಡ. ಭಾನುವಾರ ಸಂಜೆ ಕರೆಂಟು, ನೆಟ್‌ವರ್ಕ್ ಎರಡೂ ಇರುವಾಗ ವಾರದ್ದನ್ನು ಒಟ್ಟಿಗೆ ಕೂರಿಸಿ ಹಾಳೆಯಲ್ಲಿ ಟಿಕ್ ಹಾಕುತ್ತೇನೆ. ವಾಟ್ಸಾಪ್ ಸ್ಟೇಟಸ್ ಮಾತ್ರ 24 ಗಂಟೆಗೆ ಹೋಗಿಬಿಡುತ್ತದೆ, ಅದನ್ನು ಆಯಾ ದಿನವೇ ಹಾಕುವುದು. ಶೆಡ್ಯೂಲ್ ಮಾಡಿದ್ದನ್ನು ಹಾಳೆಯಲ್ಲೂ ಬರೆಯಲೇಬೇಕು ಅಂತ ಹೇಳುತ್ತೇನೆ. ಒಮ್ಮೆ ಜುಲೈಯಲ್ಲಿ ರೆಡ್ ಅಲರ್ಟ್, ಶಾಲೆಗೆ ರಜೆ, ಹೊಳೆ ಬದಿಯ ಮನೆಗಳಿಗೆ ನೀರು ನುಗ್ಗಿತ್ತು. ಅವತ್ತು ಬೆಳಗ್ಗೆ ಚಹಾ ಮಾಡುವಾಗ ಗೋಡೆಯಲ್ಲಿ ನೋಡುತ್ತೇನೆ, ಹತ್ತು ಗಂಟೆಗೆ 'ಮಳೆಗೆ ಬಿಸಿ ಹಪ್ಪಳ'. ಕೂಡಲೇ ತೆಗೆದುಹಾಕಿದೆ. ಹಾಳೆಯಲ್ಲಿ ಇಲ್ಲದಿದ್ದರೆ ಅದು ಹೋಗಿಯೇ ಹೋಗುತ್ತಿತ್ತು, ಮನೆಗೆ ನೀರು ನುಗ್ಗಿದವರ ಮುಂದೆ ಅಂಥದ್ದು ಹೋಗಬಾರದು.

ದಿನಕ್ಕೆ ನಾಲ್ಕೈದು ಪೋಸ್ಟ್ ಹಾಕುವವರಿಗೆ, ಬೇರೆಬೇರೆ ಊರಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಆಗುವುದಿಲ್ಲ. ಒಂದೇ ಸೂರಿನಡಿ ಮಾಡಿ ಮಾರುವವರಿಗೆ, ಕಾಲ ನೋಡಿ ನಡೆಯುವ ವ್ಯಾಪಾರಕ್ಕೆ ಖಂಡಿತ ಆಗುತ್ತದೆ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ತೆಗೆಯುವ ದಿನಕ್ಕೆ ಜಾಗ ಇಲ್ಲದ್ದಕ್ಕೆ. ಕೊಂಡರೆ 12 ತಿಂಗಳನ್ನೂ ಒಟ್ಟಿಗೆ ಪ್ರಿಂಟ್ ಹಾಕಿಸಬೇಡಿ. ಮೊದಲು ಎರಡು ಹಾಳೆ ಹಾಕಿಸಿ, ಮನೆಯಲ್ಲಿ ಎಲ್ಲರೂ ಓಡಾಡುವ ಕಡೆ ತೂಗುಹಾಕಿ, ಪಕ್ಕದಲ್ಲಿ ದಾರ ಕಟ್ಟಿ ಒಂದು ಪೆನ್ಸಿಲ್ ಇಡಿ.