ಅಕ್ರಿಲಿಕ್, ಹತ್ತಿ, ಹಳೆ ಸೀರೆ: ದಾನಕ್ಕೆ ಹೆಣೆಯುವವರಿಗೆ ಯಾವುದು ಒಳ್ಳೆಯದು?

ಹಸುಗೂಸಿನ ಟೊಪ್ಪಿಗೆ ಹತ್ತಿ ನೂಲು, ಅದೂ ಕಡ್ಡಿಯಲ್ಲಿ ಹೆಣೆದದ್ದು. ಹಾಸಿಗೆ ಹಿಡಿದವರಿಗೆ ಕೊಡುವ ಹೊದಿಕೆಗೆ ನೂಲೇ ಬೇಡ, ಹಳೆ ಹತ್ತಿ ಸೀರೆ ಸಾಕು. ಅಕ್ರಿಲಿಕ್ ಎಂಬ ಕೃತಕ ನೂಲು ಸಲ್ಲುವ ಜಾಗಗಳು ಬೇರೆ ಇವೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ನಾವು ಕೆಲವು ಹೆಂಗಸರು ಒಂದೇ ಅಳತೆಯ ಟೊಪ್ಪಿಯನ್ನು ಬೇರೆ ಬೇರೆ ನೂಲಿನಲ್ಲಿ ಹೆಣೆದು, ಒಗೆದು, ಕುದಿಸಿ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಣಗಿಸಿ ನೋಡಿ ಈ ತೀರ್ಮಾನಕ್ಕೆ ಬಂದೆವು. ನಾನು ಕನ್ನಡ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ಮಕ್ಕಳಿಗೆ ಇಷ್ಟು ವರ್ಷ ಹೆಣಿಗೆ ಕಲಿಸಿದ್ದೇನೆ. ಆದರೆ ದಾನಕ್ಕೆ ಹೆಣೆಯಲು ಕೂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳೇ ಬೇರೆ. ಇದನ್ನು ಯಾರು ಒಗೆಯುತ್ತಾರೆ, ಎಲ್ಲಿ ಒಣಗಿಸುತ್ತಾರೆ, ಯಾರ ಚರ್ಮಕ್ಕೆ ತಾಗುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ವಿನ್ಯಾಸ ಆಮೇಲಿನ ಮಾತು.

ನೂಲು ಕೊಳ್ಳುವಾಗಲೇ ಒಂದು ಪರೀಕ್ಷೆ ಮಾಡಿ. ನಮ್ಮ ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಚೀಟಿ ಹರಿದುಹೋಗಿದ್ದರೆ ಒಂದು ತುಂಡು ನೂಲನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ತಾಗಿಸಿ. ಅಕ್ರಿಲಿಕ್ ಕರಗಿ ಕಪ್ಪು ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದ ವಾಸನೆ ಕೊಟ್ಟು ಉರಿದು ಬೂದಿಯಾಗುತ್ತದೆ. ಅಪ್ಪಟ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದದ್ದು ಬೆರಳಿನಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಮಿಶ್ರಿತ ಹತ್ತಿಯೂ ಸಿಗುತ್ತದೆ. ಅದರ ಬೂದಿಯಲ್ಲಿ ಗಟ್ಟಿ ಕಾಳು ಉಳಿಯುತ್ತದೆ, ಅದರಿಂದ ಗುರುತು ಹಿಡಿಯಬಹುದು.

ಉಣ್ಣೆಯ ವಿಷಯ ಬೇಗ ಮುಗಿಸುತ್ತೇನೆ. ಬೆಚ್ಚಗಿಡುವುದರಲ್ಲಿ ಅದಕ್ಕೆ ಸಮ ಇಲ್ಲ, ಒದ್ದೆಯಾದರೂ ಬಿಸಿ ಉಳಿಸಿಕೊಳ್ಳುತ್ತದೆ. ಆದರೆ ಬಿಸಿನೀರಿನಲ್ಲಿ ತಿಕ್ಕಿದರೆ ಮುದುಡಿ ದಪ್ಪ ಕಂಬಳಿಯಂತಾಗುತ್ತದೆ. ನಮ್ಮ ಕರಾವಳಿಯ ಸೆಕೆಗೆ, ಹುಳ ಹಿಡಿಯುವ ಕಪಾಟಿಗೆ ಅದು ಹೇಳಿಸಿದ್ದಲ್ಲ. ಮಡಿಕೇರಿಗೋ ಊಟಿಗೋ ಕಳಿಸುವುದಿದ್ದರೆ ಉಣ್ಣೆ ಹೆಣೆಯಿರಿ. ಕಾಸರಗೋಡಿನಲ್ಲಿ, ಮಂಗಳೂರಿನಲ್ಲಿ ಕೊಡುವುದಾದರೆ ಬೇಡ.

ಇನ್ನು ನಿಜವಾದ ಪೈಪೋಟಿ, ಅಕ್ರಿಲಿಕ್‌ಗೂ ಹತ್ತಿಗೂ.

ಅಕ್ರಿಲಿಕ್‌ನ ಒಳ್ಳೆಯ ಗುಣಗಳನ್ನು ಮೊದಲು ಹೇಳಬೇಕು, ಯಾಕೆಂದರೆ ಅವು ಸಣ್ಣವಲ್ಲ. ಬೆಲೆ ಕಡಿಮೆ. ಕೈಗೆ ಹಗುರ. ಎಳೆದರೆ ಹಿಗ್ಗಿ ಮತ್ತೆ ಕುಗ್ಗುವುದರಿಂದ ಕುಣಿಕೆಗಳ ಬಿಗಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಕಾಣುವುದಿಲ್ಲ, ಹೊಸಬರಿಗೆ ಧೈರ್ಯ ಬರುತ್ತದೆ. ಬಣ್ಣ ಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜುಲೈ ತಿಂಗಳಲ್ಲಿ ಜಗಲಿಯ ಹಗ್ಗದ ಮೇಲೆ ಹಾಕಿದ ಅಕ್ರಿಲಿಕ್ ಟೊಪ್ಪಿ ರಾತ್ರಿ ಕಳೆಯುವುದರೊಳಗೆ ಒಣಗಿತ್ತು. ಅದರ ಪಕ್ಕದಲ್ಲೇ ಇದ್ದ ಹತ್ತಿಯದ್ದು ಮಾರನೆಯ ದಿನವೂ ತಣ್ಣಗಿತ್ತು. ಕೊನೆಗೆ ಬಚ್ಚಲು ಒಲೆಯ ಹತ್ತಿರ ಹಾಕಿದ ಮೇಲೆಯೇ ಅದು ಪೂರ್ತಿ ಒಣಗಿದ್ದು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸವಾಗಿರುವ ನಮ್ಮೂರಿನಲ್ಲಿ ಇದು ತೂಕದ ಮಾತು.

ಹಾಗಿದ್ದೂ ಟೊಪ್ಪಿಗೆ ನಾವು ಅಕ್ರಿಲಿಕ್ ಬಿಟ್ಟೆವು. ಕಾರಣ ಬೆವರು. ಅಕ್ರಿಲಿಕ್ ಗಾಳಿಯಿಂದ ಹೀರುವ ತೇವ ತನ್ನ ತೂಕದ ಶೇಕಡ 2ರಷ್ಟೂ ಇಲ್ಲ, ಹತ್ತಿ ಸುಮಾರು ಶೇಕಡ 8ರಷ್ಟು ಹೀರುತ್ತದೆ. ಎರಡನ್ನೂ ನಡುಹಗಲು ನಮ್ಮದೇ ತಲೆಗೆ ಸ್ವಲ್ಪ ಹೊತ್ತು ಕಟ್ಟಿಕೊಂಡು ನೋಡಿದೆವು. ಅಕ್ರಿಲಿಕ್ ಇದ್ದ ಕಡೆ ಹಣೆ ಜಿಗಿಜಿಗಿ ಆಯಿತು, ಹತ್ತಿ ಇದ್ದ ಕಡೆ ಆಗಲಿಲ್ಲ. ಮೈ ಬಿಸಿಯಾಗಿದೆ ಎಂದು ಹೇಳಲು ಬಾಯಿ ಬಾರದ ಕೂಸಿಗೆ ಯಾವುದು ಹಿತ ಎಂದು ಇನ್ನು ಬೇರೆ ಕೇಳಬೇಕಾಗಿಲ್ಲ.

ಎರಡನೆಯ ಕಾರಣ ಬಿಸಿನೀರು. ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ಕೂಸಿನ ಬಟ್ಟೆಯನ್ನು ಚೆನ್ನಾಗಿ ಬಿಸಿನೀರಿನಲ್ಲಿ ಒಗೆಯುತ್ತಾರೆ, ಕೆಲವು ಮನೆಗಳಲ್ಲಿ ಅಜ್ಜಿಯಂದಿರು ಕುದಿಸಿಯೂ ಬಿಡುತ್ತಾರೆ. ನಾವು ಎರಡನ್ನೂ ಕುದಿಯುವ ನೀರಿಗೆ ಹಾಕಿದೆವು. ಹತ್ತಿಯದ್ದು ಸ್ವಲ್ಪ ಕುಗ್ಗಿ ಇನ್ನೂ ಬಿಗಿಯಾಯಿತು. ಅಕ್ರಿಲಿಕ್‌ನದ್ದು ಅಂಚು ಜೋತುಬಿದ್ದು, ಹಿಗ್ಗಿದ್ದು ಮತ್ತೆ ಕುಗ್ಗಲೇ ಇಲ್ಲ. ಇಸ್ತ್ರಿ ಪೆಟ್ಟಿಗೆ ತಾಗಿಸಿದರಂತೂ ಚಪ್ಪಟೆಯಾಗಿ ಹೊಳೆಯತೊಡಗುತ್ತದೆ.

ಹತ್ತಿಯ ಕಷ್ಟಗಳೂ ಇವೆ. ನೂಲಿಗೆ ಹಿಗ್ಗುವ ಗುಣವಿಲ್ಲದ ಕಾರಣ ತುಂಬ ಹೊತ್ತು ಹೆಣೆದರೆ ಮಣಿಕಟ್ಟು ನೋಯುತ್ತದೆ, ಕಡ್ಡಿಯ ತುದಿ ಎಳೆಗಳ ನಡುವೆ ತೂರಿ ನೂಲು ಸೀಳುತ್ತದೆ. ಗಾಢ ಕೆಂಪು, ಕಡುನೀಲಿ ಬಣ್ಣ ಬಿಡುವುದುಂಟು. ಹಾಗಾಗಿ ಹೆಣೆಯುವ ಮೊದಲೇ ಒಂದು ಗೇಣು ನೂಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬಿಸಿನೀರಿನಲ್ಲಿ ನೆನೆಸಿ ನೋಡುತ್ತೇವೆ. ಬಟ್ಟೆಗೆ ಕಲೆ ಹತ್ತಿದರೆ ಆ ಬಣ್ಣ ಕೂಸಿಗೆ ಇಲ್ಲ. ಹಿಗ್ಗದ ತೊಂದರೆಗೆ ಪರಿಹಾರ ಹೆಣಿಗೆಯಲ್ಲೇ ಇದೆ: ಎರಡು ಸೀದಾ, ಎರಡು ಉಲ್ಟಾ, ಅಂಚಿನಿಂದ ನೆತ್ತಿಯವರೆಗೂ ಅದೇ. ಈ ಗೆರೆ ಹೆಣಿಗೆ ಹತ್ತಿಯನ್ನೂ ಹಿಗ್ಗಿಸುತ್ತದೆ. ಲೆಕ್ಕ ಬೇಕಾದವರಿಗೆ ಹೇಳುತ್ತೇನೆ: ನಾಲ್ಕೆಳೆ ಹತ್ತಿ, 10 ನಂಬರಿನ ಕಡ್ಡಿ (ಅಂದರೆ 3.25 ಮಿಲಿಮೀಟರ್), 84 ಕುಣಿಕೆ. ದಿನ ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ 33ರಿಂದ 35 ಸೆಂಟಿಮೀಟರ್ ಇರುತ್ತದೆ, ಅದಕ್ಕೆ ಇದು ಹಿತವಾಗಿ ಕೂರುತ್ತದೆ. ಕಡ್ಡಿ ನಾವು ಬಳಸುವುದು ಪೋನಿ ಕಂಪನಿಯದ್ದು, ನೀಲಗಿರಿಯ ಕೇತಿಯಲ್ಲಿ ತಯಾರಾಗುವಂಥದ್ದು. ಹೊಸ ಕಡ್ಡಿ ಕೊಳ್ಳುವಾಗ ಈ ಹಳೆ ಪದ್ಧತಿಯ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಪೂರ ಎಂಬುದು ನೆನಪಿರಲಿ.

ತೂಕ ಕಡಿಮೆಯಿರುವ ಕೂಸುಗಳ ಟೊಪ್ಪಿಗೆ ಇನ್ನೂ ಹೆಚ್ಚು ಬೆಲೆ ಇದೆ. ತಾಯಿಯ ಎದೆಗೆ ಕೂಸಿನ ಬರಿಮೈ ತಾಗಿಸಿ ಇಡುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದು, ಈಗ ನಮ್ಮ ಆಸ್ಪತ್ರೆಗಳಲ್ಲೂ ಮಾಡಿಸುತ್ತಾರೆ. ಆಗ ಕೂಸಿನ ಮೈಮೇಲಿರುವುದು ಟೊಪ್ಪಿ, ಕಾಲುಚೀಲ, ಲಂಗೋಟಿ ಇಷ್ಟೇ. ಒಂದು ಟೊಪ್ಪಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಅಲ್ಲಿ ತಿಳಿಯುತ್ತದೆ. ಕಾಸರಗೋಡಿನ ಎಷ್ಟೋ ಬಾಣಂತಿಯರು ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಗೆ ಹೋಗುವುದರಿಂದ ಹೊಳೆಯ ಆಚೆ ಈಚೆ ಎಂದು ನಮಗೆ ಭೇದವಿಲ್ಲ. ಎಲ್ಲಿಯೇ ಆಗಲಿ, ಕೊಡುವ ಮೊದಲು ಆ ವಾರ್ಡಿನ ಸಿಸ್ಟರನ್ನು ಕೇಳಬೇಕು. ಕುಚ್ಚು, ಗುಂಡಿ, ಕಟ್ಟುವ ದಾರ, ಬೆರಳು ಸಿಕ್ಕುವಂಥ ಜಾಲಿ ಹೆಣಿಗೆ ಯಾವುದೂ ಇರಕೂಡದು. ಮನೆಗೆ ಹೋದ ಮೇಲೆ ಆರೋಗ್ಯವಾಗಿರುವ ಕೂಸನ್ನು ಟೊಪ್ಪಿ ಹಾಕಿ ಮಲಗಿಸಬಾರದು ಎಂದೂ ತಾಯಿಗೆ ಹೇಳಿ ಕೊಡುತ್ತೇವೆ.

ಎರಡು ಕಡ್ಡಿಯ ಹೆಣಿಗೆಯೋ ಒಂದೇ ಕೊಕ್ಕೆಯ ಕ್ರೋಶಾವೋ ಎಂಬ ವಾದ ನಮ್ಮೊಳಗೆ ಇನ್ನೂ ತೀರಿಲ್ಲ. ಕ್ರೋಶಾದಲ್ಲಿ ಒಂದೇ ಕುಣಿಕೆ ಬಾಯ್ತೆರೆದಿರುತ್ತದೆ. ಒಲೆಯ ಮೇಲೆ ಹಾಲು ಉಕ್ಕಿತೆಂದು ಎದ್ದು ಓಡಿದರೂ ಏನೂ ಬಿಚ್ಚಿಹೋಗುವುದಿಲ್ಲ. ಕಲಿಯುವುದು ಸುಲಭ, ಕೆಲಸ ಬೇಗ. ಆದರೆ ಅದೇ ಅಳತೆಗೆ ನೂಲು ಹೆಚ್ಚು ಬೇಕು, ಬಟ್ಟೆ ದಪ್ಪವಾಗಿ ಬರುತ್ತದೆ, ಹಿಗ್ಗುವುದು ಕಡಿಮೆ. ಅತ್ತಿಗೆ ಕ್ರೋಶಾದ ಕಡೆಯವರು. ಅವರು ಮಾಡಿದ ಚಿಕ್ಕ ಟೊಪ್ಪಿಗಳು ಕಣ್ಣಿಗೆ ಚಂದ, ನಾನು ಒಪ್ಪುತ್ತೇನೆ. ಬೆರಳು ಹಾಕಿ ಅಗಲಿಸಿ ನೋಡಿದರೆ ಕಡ್ಡಿಯದ್ದೇ ಗೆಲ್ಲುತ್ತದೆ. ತಲೆ ದಿನದಿನಕ್ಕೆ ಬೆಳೆಯುವಾಗ ಆ ಸ್ವಲ್ಪ ಹಿಗ್ಗು ಇನ್ನೂ ಕೆಲವು ವಾರ ಟೊಪ್ಪಿಯನ್ನು ಉಳಿಸುತ್ತದೆ.

ಕ್ರೋಶಾ ನಿಜಕ್ಕೂ ಮೇಲಾಗುವುದು ಬಿಗಿ ಬೇಕಾದ ಕಡೆ. ತಿಂಗಳು ತುಂಬದ ಕೂಸುಗಳಿಗೆ ಕೊಡುವ ಪುಟ್ಟ ಆಕ್ಟೋಪಸ್ ಅಂಥದ್ದು. 2013ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಯೋಜನೆ. ಕೂಸು ನಳಿಗೆಗಳನ್ನು ಎಳೆಯುವ ಬದಲು ಅದರ ಕಾಲು ಹಿಡಿದುಕೊಳ್ಳಲಿ ಎಂಬುದು ಉದ್ದೇಶ. ನೂರಕ್ಕೆ ನೂರು ಹತ್ತಿ ಇರಬೇಕು, ಒಳಗೆ ತುಂಬಿದ್ದು ಹೊರಬಾರದಷ್ಟು ಬಿಗಿ ಇರಬೇಕು, ಕಾಲು ಎಳೆದರೂ 22 ಸೆಂಟಿಮೀಟರ್ ದಾಟಬಾರದು, 60 ಡಿಗ್ರಿಯ ನೀರಿನಲ್ಲಿ ಒಗೆಯಲು ಬರಬೇಕು. ಹೆಣೆಯಲು ಬಹಳ ಖುಷಿ ಕೊಟ್ಟಿತು. ಆದರೂ ಆಕ್ಟೋಪಸ್ ಮಾಡುವ ಸಮಯದಲ್ಲಿ ಎರಡು ಟೊಪ್ಪಿ ಆಗುತ್ತವೆ. ಸೋಂಕಿನ ಹೆದರಿಕೆಯಿಂದ ಆಟಿಕೆಯನ್ನು ಒಳಗೆ ಬಿಡದ ವಾರ್ಡುಗಳೂ ಇವೆ. ಕೇಳಿದವರಿಗೆ ಮಾತ್ರ ಅದನ್ನು ಮಾಡುತ್ತೇವೆ.

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದವರು ಬ್ರಾ ಒಳಗೆ ಇಟ್ಟುಕೊಳ್ಳುವ ಹೆಣೆದ ಕೃತಕ ಸ್ತನಗಳನ್ನೂ ಮಾಡಿ ನೋಡಿದ್ದೇವೆ. ಮುಂಬೈಯ ಸಾಯಿಶಾ ಇಂಡಿಯಾ ಇವನ್ನು ಹೆಂಗಸರ ಕೈಯಿಂದ ಹೆಣೆಸಿ ಉಚಿತವಾಗಿ ಕೊಡುತ್ತದೆ. ಸಿಲಿಕೋನಿನದ್ದು ಭಾರ, ನಮ್ಮ ಸೆಕೆಯಲ್ಲಿ ಅಡಿಯಲ್ಲಿ ಬೆವರು ನಿಲ್ಲುತ್ತದೆ, ಬೆಲೆಯೂ ಹೆಚ್ಚು. ಹತ್ತಿಯದ್ದು ಹಗುರ, ಕೈಯಲ್ಲಿ ಒಗೆಯಬಹುದು, ಹತ್ತಿರದವರ ಎದುರೂ ಸಂಕೋಚಪಡಬೇಕಿಲ್ಲ. ಗಾಯ ಪೂರ್ತಿ ಮಾಗಿದ ಮೇಲೆ, ಡಾಕ್ಟರು ಸರಿ ಎಂದ ಮೇಲೆಯೇ ಬಳಸಬೇಕು. ಇಲ್ಲಿ ಅಕ್ರಿಲಿಕ್ ಪ್ರಶ್ನೆಯೇ ಬರುವುದಿಲ್ಲ. ನಮ್ಮ ಊರಿನ ಒಬ್ಬ ಅಕ್ಕ ಇದನ್ನು ಇಟ್ಟುಕೊಂಡು ಮೊದಲ ಸಲ ಮದುವೆಯೊಂದಕ್ಕೆ ಹೋಗಿ ಬಂದರು. ನನ್ನ ಕೈಯಿಂದಾದ ಎಲ್ಲಾ ಹೆಣಿಗೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದೇ ಎಂದು ನನಗೆ ಅನ್ನಿಸುತ್ತದೆ.

ಇನ್ನು ಹೊದಿಕೆ. ನೂಲಿನ ಹೊದಿಕೆ ಅಂದರೆ ಎಲ್ಲರಿಗೂ ಆಸೆ. 2016ರಲ್ಲಿ ಚೆನ್ನೈಯಲ್ಲಿ ಹೆಂಗಸರು ಸೇರಿ ಕ್ರೋಶಾ ಹೊದಿಕೆಯ ಗಿನ್ನೆಸ್ ದಾಖಲೆ ಮಾಡಿದ ಸುದ್ದಿ ಬಂದ ಮೇಲೆ ನಮ್ಮ ಕಡೆಯೂ ಚೌಕಗಳನ್ನು ಹೆಣೆದು ಜೋಡಿಸುವ ಹುಮ್ಮಸ್ಸು ಬಂದಿತ್ತು. ಆದರೆ ನಮ್ಮಲ್ಲಿ ಹೊದಿಕೆ ಬೇಕಾದವರು ಯಾರು? ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಪಂಚಾಯತುಗಳಲ್ಲಿ ಎಂಡೋಸಲ್ಫಾನಿನಿಂದ ನರಳುವ ಮನೆಗಳು ಈಗಲೂ ಇವೆ. 1970ರ ದಶಕದಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷ ಅದು. ಅಂದಿನ ಮಕ್ಕಳು ದೊಡ್ಡವರಾಗಿ ಹಾಸಿಗೆಯಲ್ಲೇ ಇದ್ದಾರೆ, ಅವರನ್ನು ಎತ್ತಿ ಕೂರಿಸುವ ತಾಯಂದಿರಿಗೆ ವಯಸ್ಸಾಗಿದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್, ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್, ಮನೆಮನೆಗೆ ಹೋಗುವಾಗ ನಮ್ಮ ಹೊದಿಕೆಗಳನ್ನು ತೋರಿಸಿದೆವು. ಅವರು ಅಂಗೈಯಿಂದ ಒತ್ತಿ ನೋಡಿ ಹೇಳಿದರು: “ಟೀಚರೇ, ಗಂಟು ಇರುವ ಯಾವುದನ್ನೂ ಬೆನ್ನಿನ ಅಡಿಗೆ ಹಾಕುವ ಹಾಗಿಲ್ಲ. ಈ ಜೋಡಣೆ ಇದೆಯಲ್ಲ, ಅದೇ ಸಾಕು ಹುಣ್ಣಾಗಲು.”

ಒಗೆಯುವುದರಲ್ಲಿಯೂ ನೂಲಿನ ಹೊದಿಕೆ ಸೋತಿತು. ಹತ್ತಿ ಕ್ರೋಶಾ ಹೊದಿಕೆ ನೀರು ಕುಡಿದರೆ ಒಬ್ಬರಿಂದ ಹಿಂಡಲು ಆಗುವುದಿಲ್ಲ. ಅಕ್ರಿಲಿಕ್‌ನದ್ದು ಹಗುರ, ಬೇಗ ಒಣಗುತ್ತದೆ, ಆದರೆ ಮೂತ್ರ ಹೀರುವುದಿಲ್ಲ, ಚರ್ಮದ ಮೇಲೆ ಹಾಗೇ ನಿಲ್ಲಿಸುತ್ತದೆ.

ಆಗ ಮನೆಯ ಹಳೆ ಸೀರೆಗಳನ್ನು ತೆಗೆದೆವು. ಅಮ್ಮನ ಕಾಲದ ಕೈಮಗ್ಗದ ಹತ್ತಿ ಸೀರೆ, ಒಗೆದು ಒಗೆದು ಬೆಣ್ಣೆಯ ಹಾಗೆ ಆದದ್ದು. ಎರಡು ಪದರ ಮೈಗೆ ಹೊದೆಯಲು, ಮೂರು ಪದರ ಅಡಿಗೆ ಹಾಸಲು. ಸೂಜಿಯಲ್ಲಿ ಓಡು ಹೊಲಿಗೆ, ಸಾಲುಗಳ ನಡುವೆ ಎರಡು ಬೆರಳಿನಷ್ಟು ಅಂತರ, ಗಂಟುಗಳೆಲ್ಲ ಪದರದ ಒಳಗೆ. ಜರಿ ಅಂಚು ಚುಚ್ಚುತ್ತದೆ, ಕತ್ತರಿಸಿ ತೆಗೆಯಬೇಕು. ನೈಲಾನ್, ಪಾಲಿಯೆಸ್ಟರ್ ಸೀರೆ ಬೇಡ. ಬಿಸಿನೀರು, ಬಿಸಿಲು, ಕಲ್ಲಿಗೆ ಬಡಿಯುವ ಒಗೆತ ಎಲ್ಲವನ್ನೂ ಇದು ತಡೆಯುತ್ತದೆ, ಹರಿದರೆ ಒಂದು ತೇಪೆ ಹಾಕಬಹುದು. ಸಿಸ್ಟರ್ ಅದನ್ನು ನೋಡಿ ಇನ್ನೂ ಬೇಕೆಂದು ಕೇಳಿದರು. ನೂಲಿನ ಹೊದಿಕೆಯನ್ನು ಅವರು ಹಾಗೆ ಕೇಳಿದ್ದಿಲ್ಲ.

ಹಾಗಾದರೆ ಮನೆಯಲ್ಲಿ ಉಳಿದ ಅಕ್ರಿಲಿಕ್ ಉಂಡೆಗಳನ್ನು ಏನು ಮಾಡುವುದು? ಮರೆವಿನ ಕಾಯಿಲೆಯ ಹಿರಿಯರಿಗೆ, ಎರಡೂ ಬದಿಯಿಂದ ಕೈ ತೂರಿಸಿಕೊಳ್ಳುವ ತೋಳುಚೀಲ ಹೆಣೆಯಿರಿ. ಒಳಗೂ ಹೊರಗೂ ಬೇರೆ ಬೇರೆ ನೂಲು, ಗಟ್ಟಿಯಾಗಿ ಹೊಲಿದ ದೊಡ್ಡ ಗುಂಡಿ, ಜಡೆ, ರಿಬ್ಬನ್. ಸುಮ್ಮನಿರದ ಬೆರಳುಗಳಿಗೆ ಮುಟ್ಟಿ ಆಡಲು ಏನಾದರೂ ಸಿಗುತ್ತದೆ. ಇಲ್ಲಿ ಬಣ್ಣ ಗಾಢವಾದಷ್ಟೂ ಒಳ್ಳೆಯದು, ಬೇಗ ಒಣಗುವ ಗುಣವೂ ಉಪಯೋಗಕ್ಕೆ ಬರುತ್ತದೆ. ಬಾಯಿಗೆ ಹಾಕುವ ಅಭ್ಯಾಸ ಇರುವವರಿಗೆ ಮಾತ್ರ ಗುಂಡಿ ಬಿಟ್ಟು ಹೆಣೆಯಬೇಕು. ವಿಶೇಷ ಅಗತ್ಯದ ಮಕ್ಕಳು ಕಲಿಯುವ ಬಡ್ಸ್ ಶಾಲೆಯವರಿಗೆ ಮುಟ್ಟಿ ಆಡುವ ಚೌಕಗಳಿಗೂ ಅಕ್ರಿಲಿಕ್ ಸಾಕು, ಅಲ್ಲಿಯ ಟೀಚರಮ್ಮನವರನ್ನು ಕೇಳಿ ಅಳತೆ ಇಟ್ಟುಕೊಳ್ಳಿ.

ಏನೇ ಮಾಡಿದರೂ ಒಗೆದು, ಪೂರ್ತಿ ಒಣಗಿಸಿಯೇ ಕೊಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅರೆ ಒಣಗಿದ ಹತ್ತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಬರುತ್ತದೆ. ಅದಕ್ಕೇ ಟೊಪ್ಪಿಗಳನ್ನು ನಾವು ಏಪ್ರಿಲ್ ಬಿಸಿಲಿನಲ್ಲೇ ಒಗೆದು ಮುಗಿಸಿ, ಮಳೆಗಾಲದಲ್ಲಿ ಸೀರೆ ಹೊಲಿಯುತ್ತೇವೆ. ಯಾವ ನೂಲು, ಯಾವ ನೀರಿನಲ್ಲಿ ಒಗೆಯಬೇಕು ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದ ಚೀಟಿಯನ್ನು ಜೊತೆಗೆ ಇಡುತ್ತೇವೆ. ಪಿನ್ ಹಾಕುವುದಿಲ್ಲ, ಬರಿಯ ದಾರದಲ್ಲಿ ಕಟ್ಟುತ್ತೇವೆ. ಮನೆಯಲ್ಲಿ ಹಳೆ ಹತ್ತಿ ಸೀರೆ ಇರುವವರು ಅದನ್ನು ಪಾತ್ರೆಯವನಿಗೆ ಕೊಡಬೇಡಿ. ನಿಮ್ಮ ಪಂಚಾಯತಿನ ಪಾಲಿಯೇಟಿವ್ ಸಿಸ್ಟರನ್ನು ಒಮ್ಮೆ ಕೇಳಿ, ಯಾವ ಮನೆಗೆ ಎಷ್ಟು ಬೇಕೆಂದು ಅವರಿಗೆ ಗೊತ್ತಿರುತ್ತದೆ.